ಇಬ್ರಾಹಿಮೋವಿಚ್ ಸ್ಟೇಟಸ್ ಇರಲಿ, ಅಹ್ಮದ್ ಖಾನ್‌ಗೆ ಸಿಕ್ಕಂಥ ಮೈದಾನ ಎಲ್ಲಿದೆ?

ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಹುಡುಗರ ವಾಟ್ಸಾಪ್ ಸ್ಟೇಟಸ್‌ನಲ್ಲಿ ಸ್ವೀಡನ್ನಿನ ಒಬ್ಬ ಫುಟ್‌ಬಾಲ್ ಆಟಗಾರ ಬಂದು ಕೂತಿದ್ದಾನೆ. ಜ್ಲಾಟಾನ್ ಇಬ್ರಾಹಿಮೋವಿಚ್. ಕೂದಲು ಹಿಂದಕ್ಕೆ ಕಟ್ಟಿ ಎದೆ ಸೆಟೆಸಿ ನಿಂತ ಫೋಟೋ, ಹಿಂದೆ ಢಂ ಢಂ ಅನ್ನುವ ಮ್ಯೂಸಿಕ್ಕು. ಕೆಳಗೆ ಬರೆದಿರುವುದರ ಸಾರ ಇಷ್ಟೆ: ಇವನು ಯಾರ ಸಹಾಯವೂ ಇಲ್ಲದೆ ತಾನೇ ತಾನಾಗಿ ಬೆಳೆದ ಸಿಂಹ.

ಆಟದ ಬಗ್ಗೆ ತಕರಾರಿಲ್ಲ. ಸ್ವೀಡನ್ ಪರ 62 ಗೋಲು, ಆ ದೇಶಕ್ಕೆ ಅದೇ ದಾಖಲೆ. ಅಯಾಕ್ಸ್, ಯುವೆಂಟಸ್, ಇಂಟರ್, ಬಾರ್ಸಿಲೋನಾ, ಮಿಲಾನ್, ಪ್ಯಾರಿಸ್, ಮ್ಯಾಂಚೆಸ್ಟರ್ ಎಲ್ಲ ಕಡೆ ಆಡಿ 2023ರ ಜೂನ್‌ನಲ್ಲಿ, 41ನೇ ವಯಸ್ಸಿನಲ್ಲಿ ಬೂಟು ಬಿಚ್ಚಿಟ್ಟವನು. ತಕರಾರು ಇರುವುದು ಆ 'ತಾನೇ ತಾನಾಗಿ' ಅನ್ನುವ ಮಾತಿಗೆ. ಅದು ಶುದ್ಧ ಸುಳ್ಳು.

ಅಪ್ಪ ಬೋಸ್ನಿಯಾದವನು, ಅಮ್ಮ ಕ್ರೊಯೇಷಿಯಾದವಳು. ಹೊರಗಿನಿಂದ ಬಂದ ಕೂಲಿ ಜನರೇ ತುಂಬಿದ ಮಾಲ್ಮೋ ಪಟ್ಟಣದ ರೋಸೆನ್‌ಗಾರ್ಡ್ ಬಡಾವಣೆಯಲ್ಲಿ ಹುಡುಗ ಬೆಳೆದ. ಕಷ್ಟ ಇತ್ತು, ನಿಜ. ಆದರೆ ಮನೆ ಬಿಟ್ಟು ಹೊರಗೆ ಬಂದರೆ ಆಡಲು ಅಂಗಳ ಇತ್ತು. ವಲಸೆ ಬಂದವರೇ ಕಟ್ಟಿಕೊಂಡಿದ್ದ ಬಾಲ್ಕನ್ ಎಂಬ ಚಿಕ್ಕ ಕ್ಲಬ್ ಇತ್ತು. ಅದರಾಚೆ ಮಾಲ್ಮೋ ಎಫ್‌ಎಫ್ ಎಂಬ ದೊಡ್ಡ ಕ್ಲಬ್ಬು, ಅದಕ್ಕೂ ಸಾಹುಕಾರ ಮಾಲೀಕರಿಲ್ಲ, ನಮ್ಮ ಸೊಸೈಟಿಗಳ ಹಾಗೆ ಸದಸ್ಯರೇ ಒಡೆಯರು. ಬಡವನ ಮಗನಿಗೂ ಹತ್ತಲು ಮೆಟ್ಟಿಲಿತ್ತು. ಮೆಟ್ಟಿಲನ್ನು ಫೋಟೋದಿಂದ ಕತ್ತರಿಸಿ ತೆಗೆದು, ಹತ್ತಿದವನನ್ನು ಮಾತ್ರ ನಮಗೆ ತೋರಿಸುತ್ತಿದ್ದಾರೆ.

ಇದೊಂದು ಸ್ಟೇಟಸ್ ತಾನೆ, ಇದಕ್ಕೆ ಇಷ್ಟು ಸಿಟ್ಟೇಕೆ ಮಾರಾಯ್ರೆ ಅನ್ನಬೇಡಿ. ಇದೇ ಮಾತನ್ನು ನಮ್ಮ ಹೋಬಳಿ ಕ್ರೀಡಾಕೂಟದ ವೇದಿಕೆಯಲ್ಲಿ ಶಾಲು ಹೊದ್ದವರು ಹೇಳುತ್ತಾರೆ. 'ಪ್ರತಿಭೆ ಇದ್ದರೆ ಹೇಗಿದ್ದರೂ ಮೇಲೆ ಬರುತ್ತಾರೆ.' ಚಪ್ಪಾಳೆ. ಮೇಲೆ ಬರದಿದ್ದರೆ ಏನರ್ಥ? ಆ ಹುಡುಗನಲ್ಲೇ ಪ್ರತಿಭೆ ಇರಲಿಲ್ಲ ಅಂತ. ಪಂಚಾಯಿತಿ ತಪ್ಪಿಲ್ಲ, ಇಲಾಖೆ ತಪ್ಪಿಲ್ಲ, ಊರಿನ ತಪ್ಪೂ ಇಲ್ಲ. ಎಷ್ಟು ಸುಲಭ ನೋಡಿ.

ಈಗ ನಮ್ಮದೇ ರಾಜ್ಯದ ಒಬ್ಬ ಫಾರ್ವರ್ಡ್ ಕತೆ ಕೇಳಿ. ಹೆಸರು ಅಹ್ಮದ್ ಖಾನ್. ಹುಟ್ಟಿದ್ದು 1926ರಲ್ಲಿ, ಬೆಂಗಳೂರಲ್ಲಿ. ಆಗ ದಂಡು ಪ್ರದೇಶದಲ್ಲಿ ಬ್ರಿಟಿಷ್ ಸೈನಿಕರು ಫುಟ್‌ಬಾಲ್ ಆಡುತ್ತಿದ್ದರು, ಅದನ್ನು ನೋಡುತ್ತ ನೋಡುತ್ತ ಸುತ್ತಲಿನ ಗಲ್ಲಿಗಳ ಹುಡುಗರೂ ಶುರು ಮಾಡಿದರು. ಬೆಂಗಳೂರು ಮುಸ್ಲಿಮ್ಸ್ ಎಂಬ ಕ್ಲಬ್ ಇತ್ತು. 1937ರಲ್ಲಿ ಅವರು ಮುಂಬೈಗೆ ಹೋಗಿ ರೋವರ್ಸ್ ಕಪ್ ಗೆದ್ದು ಬಂದರು. ಅಲ್ಲಿಯವರೆಗೆ ಬಿಳಿಯರ ಪಡೆಗಳೇ ಗೆಲ್ಲುತ್ತಿದ್ದ ಕಪ್ಪು ಅದು. ಮರುವರ್ಷ ಮತ್ತೆ ಗೆದ್ದರು. ಆಗ ಅಹ್ಮದ್‌ಗೆ ಹತ್ತು ಹನ್ನೊಂದು ವರ್ಷ. ಮುಂದೆ ಅವನೂ ಅದೇ ಕ್ಲಬ್ ಸೇರಿದ. ಕಪ್ ಗೆದ್ದ ತಂಡ ತನ್ನ ಊರಲ್ಲೇ ಇದ್ದರೆ ಹುಡುಗನ ಕಾಲಿಗೆ ಏನಾಗುತ್ತದೆ ಅನ್ನುವುದನ್ನು ಬಿಡಿಸಿ ಹೇಳಬೇಕಿಲ್ಲ.

1948ರಲ್ಲಿ ಲಂಡನ್ ಒಲಿಂಪಿಕ್ಸ್. ಸ್ವತಂತ್ರ ಭಾರತದ ತಂಡ ಮೊದಲ ಸಲ ಹೋಗಿದ್ದು. ಹೆಚ್ಚಿನವರು ಬರಿಗಾಲಲ್ಲೇ ಆಡಿದರು. ಎದುರಾಳಿ ಫ್ರಾನ್ಸ್. ನಮ್ಮವರಿಗೆ ಎರಡು ಪೆನಾಲ್ಟಿ ಸಿಕ್ಕಿತು, ಎರಡೂ ಹಾಳಾಯಿತು. ಮೈಸೂರು ಪರ ಆಡುತ್ತಿದ್ದ ಎಸ್. ರಾಮನ್ ಒಂದು ಗೋಲು ಹೊಡೆದು ಸಮ ಮಾಡಿದರು, ಕೊನೇ ಗಳಿಗೆಯಲ್ಲಿ ಫ್ರಾನ್ಸ್ 2-1ರಿಂದ ಗೆದ್ದಿತು. ಆ ತಂಡದಲ್ಲಿ ಅಹ್ಮದ್ ಖಾನ್ ಇದ್ದರು.

ಅದೇ ಒಲಿಂಪಿಕ್ಸ್‌ನ ಚಿನ್ನ ಗೆದ್ದದ್ದು ಸ್ವೀಡನ್. ಆ ತಂಡದ ಫಾರ್ವರ್ಡ್ ಗುನ್ನಾರ್ ನೋರ್ಡಾಲ್, ಏಳು ಗೋಲು. ಸ್ಟೇಟಸ್ ಹಾಕುವುದಿದ್ದರೆ ಈ ಮನುಷ್ಯನನ್ನು ಹಾಕಿ. ಇವನ ಊರು ಹೊರ್ನೆಫೋರ್ಸ್, ಸ್ವೀಡನ್ನಿನ ಉತ್ತರದಲ್ಲಿ ಸಮುದ್ರದ ಪಕ್ಕ. ಊರಲ್ಲಿ ಇದ್ದದ್ದು ಕಾಗದದ ತಿರುಳಿನ ಕಾರ್ಖಾನೆ, ನಮ್ಮ ಭದ್ರಾವತಿಯ ಎಂಪಿಎಂ ನೆನಪಿಸಿಕೊಳ್ಳಿ. ಆದರೆ ಊರು ಭದ್ರಾವತಿಗಿಂತ ಎಷ್ಟೋ ಚಿಕ್ಕದು. ವರ್ಷದಲ್ಲಿ ತಿಂಗಳುಗಟ್ಟಲೆ ಹಿಮ. ಅಂಥ ಊರಿಗೂ ಒಂದು ಫುಟ್‌ಬಾಲ್ ಕ್ಲಬ್ ಇತ್ತು. ಆ ಒಂದೇ ಮನೆಯ ಐದು ಜನ ಅಣ್ಣತಮ್ಮಂದಿರು ದೇಶದ ದೊಡ್ಡ ಲೀಗ್‌ವರೆಗೆ ಹೋದರು. ಚಿನ್ನ ಗೆದ್ದ ತಂಡದಲ್ಲಿ ಆ ಮನೆಯವರೇ ಮೂವರು. ಒಂದೇ ಮನೆಯ ಐವರಿಗೆ ಪ್ರತಿಭೆ ಆಕಾಶದಿಂದ ಉದುರಿತೋ, ಮನೆ ಹತ್ತಿರ ಮೈದಾನ ಇತ್ತೋ? ನೀವೇ ಹೇಳಿ.

ನೋರ್ಡಾಲ್ ಹೊಟ್ಟೆಪಾಡಿಗೆ ಅಗ್ನಿಶಾಮಕ ದಳದಲ್ಲಿ ಕೆಲಸ ಮಾಡುತ್ತಿದ್ದ. 1949ರ ಜನವರಿಯಲ್ಲಿ ಇಟಲಿಯ ಮಿಲಾನ್ ಕ್ಲಬ್ಬಿಗೆ ಹೋದ, ಸಂಬಳದ ಆಟಗಾರನಾದ. ಅಲ್ಲಿ ಒಟ್ಟು 221 ಗೋಲು, ಆ ಕ್ಲಬ್ಬಿನಲ್ಲಿ ಇವತ್ತಿಗೂ ಅದನ್ನು ಯಾರೂ ಮುರಿದಿಲ್ಲ. ಇಬ್ರಾಹಿಮೋವಿಚ್ ಕೂಡ ಮಿಲಾನ್‌ಗೆ ಆಡಿದವನೇ, ಹತ್ತಿರವೂ ಬರಲಿಲ್ಲ. ಅತ್ತ ದುಡ್ಡು ತೆಗೆದುಕೊಂಡ ತಪ್ಪಿಗೆ ಸ್ವೀಡನ್ ತಂಡದ ಬಾಗಿಲು ಮುಚ್ಚಿತು. ಆಗ ಅಲ್ಲಿನ ನಿಯಮ ಹಾಗಿತ್ತು, ಸಂಬಳಕ್ಕೆ ಆಡುವವನಿಗೆ ದೇಶದ ತಂಡದಲ್ಲಿ ಜಾಗವಿಲ್ಲ. ದೇಶಕ್ಕೆ 33 ಪಂದ್ಯ ಆಡಿ 43 ಗೋಲು ಹೊಡೆದವನಿಗೆ ಇದು.

ನಮ್ಮ ಅಹ್ಮದ್ ಖಾನ್ ಕೂಡ ಅದೇ 1949ರಲ್ಲಿ ಊರು ಬಿಟ್ಟರು. ಹೋದದ್ದು ಕಲ್ಕತ್ತೆಯ ಈಸ್ಟ್ ಬೆಂಗಾಲ್‌ಗೆ. ಅಲ್ಲಿ ಐದು ಜನ ಫಾರ್ವರ್ಡ್‌ಗಳು: ವೆಂಕಟೇಶ್, ಅಪ್ಪಾರಾವ್, ಧನರಾಜ್, ಸಾಲೇಹ್, ಅಹ್ಮದ್ ಖಾನ್. ಬಂಗಾಳಿಗಳು ಈ ಐವರಿಗೆ ಇಟ್ಟ ಹೆಸರು ಪಂಚಪಾಂಡವರು. 1949, 1950, 1951, ಸಾಲಾಗಿ ಮೂರು ವರ್ಷ ಐಎಫ್‌ಎ ಶೀಲ್ಡ್ ಗೆದ್ದರು. ಅಹ್ಮದ್ ಕಾಲಲ್ಲಿ ಚೆಂಡು ಹಾವಿನಂತೆ ಹೊರಳುತ್ತದೆ ಅಂತ ಅವರಿಗೆ ಹಾವಾಡಿಗ ಎಂಬ ಅಡ್ಡಹೆಸರು. 1951ರಲ್ಲಿ ದೆಹಲಿಯ ಏಷ್ಯನ್ ಗೇಮ್ಸ್‌ನಲ್ಲಿ ಭಾರತಕ್ಕೆ ಚಿನ್ನ, ಅದರಲ್ಲೂ ಇದ್ದರು.

1952ರಲ್ಲಿ ಹೆಲ್ಸಿಂಕಿ ಒಲಿಂಪಿಕ್ಸ್. ಎದುರಿಗೆ ಯುಗೋಸ್ಲಾವಿಯಾ, ನಾಲ್ಕು ವರ್ಷದ ಹಿಂದೆ ಫೈನಲ್‌ನಲ್ಲಿ ಸ್ವೀಡನ್‌ಗೆ ಸೋತಿದ್ದ ಅದೇ ದೇಶ. ಆ ಚಳಿಯಲ್ಲೂ ನಮ್ಮವರಲ್ಲಿ ಹೆಚ್ಚಿನವರು ಬರಿಗಾಲಲ್ಲಿ ನಿಂತರು. 10-1. ಹತ್ತು ಗೋಲು ತಿಂದರು ಸ್ವಾಮಿ. ಆ ಒಂದು ಇದೆಯಲ್ಲ, ಅದನ್ನು ಹೊಡೆದವರು ಅಹ್ಮದ್ ಖಾನ್. ಇದಾದ ಮೇಲೆಯೇ ನಮ್ಮ ಫೆಡರೇಷನ್ ಬೂಟು ಕಡ್ಡಾಯ ಮಾಡಿದ್ದು.

ಅವರು ತೀರಿಕೊಂಡದ್ದು 2017ರ ಆಗಸ್ಟ್ 27ರಂದು, ಬೆಂಗಳೂರಲ್ಲೇ, 90ನೇ ವಯಸ್ಸಿನಲ್ಲಿ. ನಮ್ಮ ಮೂರು ತಾಲ್ಲೂಕಿನ ಯಾವುದೇ ಹೈಸ್ಕೂಲಿಗೆ ಹೋಗಿ ಅಹ್ಮದ್ ಖಾನ್ ಯಾರು ಅಂತ ಕೇಳಿ ನೋಡಿ. ಮಕ್ಕಳನ್ನು ಬಿಡಿ, ಮೇಷ್ಟ್ರನ್ನೇ ಕೇಳಿ. 2023ರ ಮಾರ್ಚ್‌ನಲ್ಲಿ ಸೌದಿಯ ರಿಯಾದ್‌ನಲ್ಲಿ ಕರ್ನಾಟಕ ತಂಡ ಮೇಘಾಲಯವನ್ನು 3-2ರಿಂದ ಸೋಲಿಸಿ 54 ವರ್ಷದ ನಂತರ ಸಂತೋಷ್ ಟ್ರೋಫಿ ತಂದಿತು, ಅದು ಗೊತ್ತಿದ್ದವರಾದರೂ ಎಷ್ಟು ಜನ? ಅದೇ ಐಪಿಎಲ್ ಹರಾಜಿನಲ್ಲಿ ಯಾರು ಎಷ್ಟು ಕೋಟಿಗೆ ಹೋದರು ಅಂತ ಕೇಳಿ. ಅಡಿಕೆ ಸುಲಿಯುತ್ತ ಕೂತ ಅಜ್ಜಿಯೂ ಹೇಳಿಯಾಳು.

ಕ್ರಿಕೆಟ್ ಬೇಡ ಅನ್ನುತ್ತಿಲ್ಲ. ಆದರೆ ಒಂದು ಲೆಕ್ಕ ಹಾಕಿ. ನಮ್ಮದು ಮಲೆನಾಡು. ಜೂನ್‌ನಲ್ಲಿ ಮಳೆ ಹಿಡಿದರೆ ಸೆಪ್ಟೆಂಬರ್‌ವರೆಗೆ ಬಿಡುವುದಿಲ್ಲ. ಟೆನಿಸ್ ಬಾಲ್ ಟೂರ್ನಮೆಂಟು, ಪೆಂಡಾಲು, ಮೈಕು ಎಲ್ಲ ಮೇ ತಿಂಗಳಿಗೇ ಮುಗಿಯಿತು. ಆಮೇಲೆ ಮಕ್ಕಳು ನಾಲ್ಕು ತಿಂಗಳು ಮೊಬೈಲ್ ಹಿಡಿದು ಜಗುಲಿ ಮೇಲೆ. ಮಳೆಯಲ್ಲಿ ಆಡುವ ಆಟ ಅಂದರೆ ಫುಟ್‌ಬಾಲ್. ಕೆಸರುಗದ್ದೆ ಓಟಕ್ಕೆ ಕುಣಿದು ಇಳಿಯುವ ನಮಗೆ ಕೆಸರೇನು ಹೊಸದೆ? ಒಂದು ಚೆಂಡಿಗೆ ಇಪ್ಪತ್ತು ಮಕ್ಕಳು ಆಡಬಹುದು, ಬ್ಯಾಟು ಪ್ಯಾಡಿನ ಖರ್ಚಿಲ್ಲ.

ಕೊರತೆ ಇರುವುದು ಜಾಗದ್ದು. ಹೊನ್ನೆಮರಡು ಕಡೆ ಬಂದು ನೋಡಿ. ಬೇಸಿಗೆಯಲ್ಲಿ ಶರಾವತಿ ಹಿನ್ನೀರು ಇಳಿದಾಗ ಹುಲ್ಲಿನ ಬಯಲು ಏಳುತ್ತದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಮುಳುಗಿದ ಗದ್ದೆಬಯಲುಗಳವು. ಹುಡುಗರು ಕೋಲು ನೆಟ್ಟು ಅಲ್ಲೇ ಆಡುತ್ತಾರೆ. ಮಳೆ ಬಂದರೆ ಮೈದಾನವೇ ನೀರಿನೊಳಗೆ. ಆಗ ಬೆಂಗಳೂರಿನಿಂದ ಲೈಫ್ ಜಾಕೆಟ್ ಹಾಕಿಕೊಂಡವರು ಬಂದು ಅದರ ಮೇಲೆ ದೋಣಿ ನಡೆಸುತ್ತಾರೆ. ಬರಲಿ, ಊರಿಗೆ ನಾಲ್ಕು ಕಾಸು ಆಗುತ್ತದೆ. ಆದರೆ ಪಟ್ಟಣದವರ ಆಟಕ್ಕೆ ಇಲ್ಲಿ ಜಾಗ ಇದೆ, ಇದೇ ಮಣ್ಣಿನ ಮಕ್ಕಳ ಆಟಕ್ಕೆ ಇಲ್ಲ.

ಹೆಣ್ಣುಮಕ್ಕಳ ವಿಷಯ ಕೇಳಲೇಬೇಡಿ. ಹಿನ್ನೀರಿನ ಬಯಲಿಗೂ ಅವರನ್ನು ಕಳಿಸುವವರಿಲ್ಲ. ಶಾಲೆ ಅಂಗಳದಲ್ಲಿ ಜಾಗವಿದ್ದರೆ ಮಾತ್ರ ಅವರಿಗೆ ಆಟ.

'ಮಲೆನಾಡಿನಲ್ಲಿ ಸಮತಟ್ಟು ಜಾಗ ಎಲ್ಲಿದೆ, ಮುಟ್ಟಿದ್ದೆಲ್ಲ ಅರಣ್ಯ' ಅನ್ನುವುದು ಪಂಚಾಯಿತಿಯಲ್ಲಿ ಸಿಗುವ ಸಿದ್ಧ ಉತ್ತರ. ಕೊಡಗು ಏನು ಬಯಲುಸೀಮೆಯೇ? ಅಲ್ಲೂ ಇದೇ ಗುಡ್ಡ, ಇದೇ ಮಳೆ, ಇದೇ ಕಾಡು. 1997ರಲ್ಲಿ ಕರಡ ಗ್ರಾಮದಲ್ಲಿ ಪಾಂಡಂಡ ಕುಟುಂಬದವರು ಕೊಡವ ಮನೆತನಗಳ ಹಾಕಿ ಹಬ್ಬ ಶುರು ಮಾಡಿದರು. ಈಗ ಅದರಲ್ಲಿ 300ಕ್ಕೂ ಹೆಚ್ಚು ಮನೆತನಗಳ ತಂಡ ಆಡುತ್ತವೆ, ಹೆಂಗಸರೂ ಮನೆ ತಂಡದಲ್ಲಿ ಕೋಲು ಹಿಡಿಯುತ್ತಾರೆ. ದೇಶದ ತಂಡಕ್ಕೆ ಹೋದ ಕೊಡಗಿನ ಆಟಗಾರರನ್ನು ಎಣಿಸಲು ಬೆರಳು ಸಾಲುವುದಿಲ್ಲ. ಗುಡ್ಡಗಾಡು ಅನ್ನುವ ನೆಪ ಅಲ್ಲಿ ನಡೆಯಲಿಲ್ಲ.

ಎಷ್ಟು ಜಾಗ ಬೇಕು ಅಂತಲೂ ಹೇಳುತ್ತೇನೆ. 100 ಮೀಟರ್ ಉದ್ದ, 64 ಮೀಟರ್ ಅಗಲದ ಪೂರ್ತಿ ಮೈದಾನಕ್ಕೆ ಸುಮಾರು 1 ಎಕರೆ 23 ಗುಂಟೆ. ಐದೈದು ಜನ ಆಡುವ ಚಿಕ್ಕ ಅಂಗಳಕ್ಕೆ 8 ಗುಂಟೆ ಸಾಕು. ಎಂಟು ಗುಂಟೆ! ನಮ್ಮಲ್ಲಿ ಬೇಲಿ ಸರಿಸಿ ಸರಿಸಿ ಅದಕ್ಕಿಂತ ಹೆಚ್ಚು ಗೋಮಾಳ ನುಂಗಿದವರು ಊರಿಗೊಬ್ಬರು ಸಿಗುತ್ತಾರೆ.

ಇದು ಯಾರೋ ಕೊಡುವ ದಾನವೂ ಅಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಲ್ಲಿ, ಶಾಲೆಗೆ ಏನೇನಿರಬೇಕು ಅನ್ನುವ ಕಡೆ, ಕುಡಿಯುವ ನೀರು, ಶೌಚಾಲಯದ ಜೊತೆಗೇ ಆಟದ ಮೈದಾನವನ್ನೂ ಬರೆದಿದ್ದಾರೆ. ನರೇಗಾ ಕಾಮಗಾರಿಗಳ ಪಟ್ಟಿಗೆ ಆಟದ ಮೈದಾನ ಸೇರಿ ಎಷ್ಟೋ ವರ್ಷವಾಯಿತು. ನಮ್ಮ ಪಂಚಾಯಿತಿಗಳು ಅದರಲ್ಲಿ ಚರಂಡಿ ಕಂಡವು, ದನದ ಕೊಟ್ಟಿಗೆ ಕಂಡವು. ಅವೂ ಬೇಕು. ಮೈದಾನ ಮಾತ್ರ ಯಾಕೆ ಕಾಣಲಿಲ್ಲ ಅಂದರೆ ಕೇಳಿದವರಿಲ್ಲ. ಗ್ರಾಮಸಭೆಗೆ ಬರುವವರೇ ಮೂವತ್ತು ಜನ, ಬಂದವರಿಗೆ ರಸ್ತೆಯ ಚಿಂತೆ, ಆಶ್ರಯ ಮನೆಯ ಚಿಂತೆ.

ಹಾಗಾಗಿ ಇಬ್ರಾಹಿಮೋವಿಚ್ ಸ್ಟೇಟಸ್ ಹಾಕುವ ತಮ್ಮಂದಿರಿಗೆ ಒಂದು ಕೆಲಸ. ಮುಂದಿನ ಗ್ರಾಮಸಭೆ ಯಾವತ್ತು ಅಂತ ಪಿಡಿಒ ಹತ್ತಿರ ಕೇಳಿ ತಿಳಿದುಕೊಳ್ಳಿ. ಗ್ರಾಮ ಲೆಕ್ಕಿಗರ ಬಳಿ ಹೋಗಿ ಊರಿನ ಶಾಲೆಯ ಜಾಗ ಎಷ್ಟು, ಗೋಮಾಳ ಎಷ್ಟು ಉಳಿದಿದೆ, ಸರ್ವೆ ನಂಬರ್ ಏನು ಅಂತ ಬರೆದುಕೊಳ್ಳಿ. ಅರ್ಜಿ ಕೊಟ್ಟರೆ ಹಿಂಬರಹ ಇಲ್ಲದೆ ಎದ್ದು ಬರಬೇಡಿ. ತಂಗಿಯಂದಿರನ್ನೂ ಕರೆದುಕೊಂಡು ಹೋಗಿ, ಸಭೆಯಲ್ಲಿ ಅವರೇ ಮಾತಾಡಲಿ. ಆ ಹಿಂಬರಹದ ಫೋಟೋ ತೆಗೆದು ಸ್ಟೇಟಸ್‌ಗೆ ಹಾಕಿ, ನಮಗೂ ಕಳಿಸಿ. ಮೂರು ತಾಲ್ಲೂಕಿನದ್ದೂ ಪಂಚಾಯಿತಿ ಹೆಸರಿನ ಸಮೇತ ಇಲ್ಲೇ ಪ್ರಕಟಿಸುತ್ತೇವೆ.