ಎತ್ತಿಗೆ ಜ್ವರ, ಎಮ್ಮೆಗೆ ಬರೆ



ಹತ್ತನೆಯ ತರಗತಿಯ ಫಲಿತಾಂಶ ಕೆಟ್ಟಾಗ ನಮ್ಮಲ್ಲಿ ನಡೆಯುವ ವಿಚಾರಣೆಯ ಕ್ರಮ ನಿಮಗೆಲ್ಲ ತಿಳಿದದ್ದೇ. ಮೂರರಲ್ಲಿ ಮಗ್ಗಿ ಕಲಿಯದ, ಐದರಲ್ಲಿ ಭಾಗಾಕಾರ ಕಲಿಯದ ಹುಡುಗ ಹತ್ತರಲ್ಲಿ ಬೀಜಗಣಿತಕ್ಕೆ ಬಂದು ಮುಗ್ಗರಿಸಿದರೆ ನೋಟೀಸು ಬರುವುದು ಹತ್ತನೆಯ ತರಗತಿಯ ಮೇಷ್ಟ್ರಿಗೆ. ಹಿಂದಿನ ವರ್ಷಗಳ ಲೆಕ್ಕವನ್ನು ಯಾರೂ ಕೇಳುವುದಿಲ್ಲ. ನಮ್ಮ ರಾಷ್ಟ್ರೀಯ ಫುಟ್‌ಬಾಲ್ ತಂಡದ ತರಬೇತುದಾರರ ವಿಷಯದಲ್ಲಿಯೂ ಇದೇ ನ್ಯಾಯ ನಡೆಯುತ್ತಿದೆ. ಅದು ನ್ಯಾಯವಲ್ಲ, ಕಣ್ಣುಕಟ್ಟು ಎಂದು ಹೇಳುವುದಕ್ಕಾಗಿಯೇ ಈ ಲೇಖನ.

2019ರ ಮೇ ತಿಂಗಳಲ್ಲಿ ಭಾರತ ತಂಡದ ಹೊಣೆ ಹೊತ್ತವರು ಕ್ರೊಯೇಷಿಯಾದ ಇಗೊರ್ ಸ್ಟಿಮಾಚ್. ಆಟಗಾರನಾಗಿ ಅವರು ರಕ್ಷಣಾ ಪಂಕ್ತಿಯ ಮಧ್ಯಭಾಗದಲ್ಲಿ ನಿಂತವರು. 1987ರಲ್ಲಿ ಚಿಲಿಯಲ್ಲಿ ವಿಶ್ವ ಯುವ ಚಾಂಪಿಯನ್‌ಷಿಪ್ ಗೆದ್ದ ಯುಗೊಸ್ಲಾವಿಯಾ ತಂಡದಲ್ಲಿದ್ದರು. 1998ರ ವಿಶ್ವಕಪ್‌ನಲ್ಲಿ ಮೂರನೆಯ ಸ್ಥಾನ ಪಡೆದ ಕ್ರೊಯೇಷಿಯಾ ತಂಡದ ಬೆನ್ನೆಲುಬುಗಳಲ್ಲಿ ಒಬ್ಬರಾಗಿದ್ದರು. 2012ರಿಂದ 2013ರವರೆಗೆ ತಮ್ಮ ದೇಶದ ತಂಡಕ್ಕೇ ತರಬೇತಿ ನೀಡಿ, ಸೋಲುಗಳ ಬಳಿಕ ಆ ಸ್ಥಾನದಿಂದ ಇಳಿದಿದ್ದರು. ರಕ್ಷಣಾ ಆಟಗಾರನ ಬಾಳು ವಿಚಿತ್ರವಾದದ್ದು. ಅವನು ತಡೆದ ಇಪ್ಪತ್ತು ದಾಳಿಗಳು ಯಾರ ನೆನಪಿನಲ್ಲಿಯೂ ಉಳಿಯುವುದಿಲ್ಲ. ಬಿಟ್ಟುಕೊಟ್ಟ ಒಂದು ಗೋಲು ಊರಿಗೆಲ್ಲ ಕಾಣುತ್ತದೆ. ತರಬೇತುದಾರನಾದ ಮೇಲೂ ಈ ಹಣೆಬರಹ ಅವರನ್ನು ಬಿಡಲಿಲ್ಲ.

ತನಗೆ ಗೊತ್ತಿದ್ದ ವಿದ್ಯೆಯನ್ನು ಅವರು ಕಲಿಸಿದರು ಎನ್ನುವುದಕ್ಕೆ ಸಾಕ್ಷ್ಯವಿದೆ. ಕೆಲಸಕ್ಕೆ ಬಂದ ನಾಲ್ಕೇ ತಿಂಗಳಲ್ಲಿ, 2019ರ ಸೆಪ್ಟೆಂಬರ್ 10ರಂದು, ಏಷ್ಯಾ ಚಾಂಪಿಯನ್ ಕತಾರನ್ನು ಅದರ ನೆಲದಲ್ಲಿಯೇ ನಮ್ಮ ತಂಡ ಗೋಲಿಲ್ಲದೆ ತಡೆಯಿತು. 2023ರ ಜೂನ್-ಜುಲೈನಲ್ಲಿ ಭುವನೇಶ್ವರದ ಇಂಟರ್‌ಕಾಂಟಿನೆಂಟಲ್ ಕಪ್ ಮತ್ತು ನಮ್ಮ ಬೆಂಗಳೂರಿನ ಕಂಠೀರವ ಕ್ರೀಡಾಂಗಣದ ಸ್ಯಾಫ್ ಚಾಂಪಿಯನ್‌ಷಿಪ್ ಎರಡನ್ನೂ ಭಾರತ ಗೆದ್ದಿತು. ಪೆನಾಲ್ಟಿ ಶೂಟೌಟ್ ಬಿಟ್ಟರೆ ಒಂಬತ್ತು ಪಂದ್ಯಗಳಲ್ಲಿ ನಮ್ಮ ಬಲೆಗೆ ಬಿದ್ದ ಗೋಲುಗಳು ಎರಡೇ ಎರಡು; ಅದರಲ್ಲಿಯೂ ಒಂದು ನಮ್ಮವರ ಕಾಲಿನಿಂದಲೇ ಹೋದದ್ದು. ಆ ಜುಲೈನಲ್ಲಿ ಫಿಫಾ ಪಟ್ಟಿಯಲ್ಲಿ ಭಾರತ 99ನೆಯ ಸ್ಥಾನಕ್ಕೇರಿತು.

ಹಾಗೆಂದು ಅವರು ದೋಷರಹಿತರೆಂದು ನಾನು ವಾದಿಸುವುದಿಲ್ಲ. ಅದೇ ಬೆಂಗಳೂರಿನಲ್ಲಿ ಪಾಕಿಸ್ತಾನದ ಆಟಗಾರನ ಕೈಯಲ್ಲಿದ್ದ ಚೆಂಡನ್ನು ತಟ್ಟಿಬೀಳಿಸಿ ಕೆಂಪು ಕಾರ್ಡು ಪಡೆದರು. ಕುವೈತ್ ಪಂದ್ಯದಲ್ಲಿ ಮತ್ತೊಂದು ಪಡೆದರು. ಸೆಮಿಫೈನಲ್ ಮತ್ತು ಫೈನಲ್‌ಗಳಲ್ಲಿ ಗೆರೆಯ ಪಕ್ಕ ನಿಂತು ತಂಡವನ್ನು ನಡೆಸಿದವರು ಸಹಾಯಕರಾಗಿದ್ದ ಮಹೇಶ್ ಗಾವ್ಳಿ, ಅವರೂ ಭಾರತದ ಹಿಂದಿನ ರಕ್ಷಣಾ ಆಟಗಾರರೇ. ಗುರುವಾದವನಿಗೆ ಇಂಥ ಸಿಟ್ಟು ಸಲ್ಲದು. 2024ರ ಮಾರ್ಚ್ 26ರಂದು ಗುವಾಹಟಿಯಲ್ಲಿ ಅಫ್ಘಾನಿಸ್ತಾನಕ್ಕೆ 1-2ರಿಂದ ಸೋತದ್ದಕ್ಕೂ ಅವರೇ ಉತ್ತರ ಹೇಳಬೇಕು. ಈ ಪಾಲನ್ನು ಅವರ ಖಾತೆಗೇ ಬರೆಯೋಣ.

ಉಳಿದ ಪಾಲನ್ನು ಯಾರ ಖಾತೆಗೆ ಬರೆಯಬೇಕು?

2023ರ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟವನ್ನು ನೆನಪಿಸಿಕೊಳ್ಳಿ. ಕ್ಲಬ್ಬುಗಳು ಆಟಗಾರರನ್ನು ಬಿಟ್ಟುಕೊಡಲು ಒಪ್ಪಲಿಲ್ಲ. ಹಗ್ಗಜಗ್ಗಾಟ ಮುಗಿದು ಅರೆಬರೆ ತಂಡವೊಂದು ಪಂದ್ಯದ ಹಿಂದಿನ ದಿನ ಚೀನಾ ತಲುಪಿ, ಮರುದಿನ 1-5ರಿಂದ ಸೋತಿತು. ಪರೀಕ್ಷೆಯ ಬೆಳಗ್ಗೆ ಪಠ್ಯಪುಸ್ತಕ ಹಂಚಿದವರು ಫಲಿತಾಂಶದ ಬಗ್ಗೆ ನೀತಿ ಹೇಳಬಹುದೇ? 2024ರ ಜನವರಿ 13ರಂದು ಏಷ್ಯನ್ ಕಪ್‌ನಲ್ಲಿ ಆಸ್ಟ್ರೇಲಿಯಾದ ಎದುರು ನಿಲ್ಲಬೇಕಿದ್ದ ತಂಡಕ್ಕೆ ಇಂಡಿಯನ್ ಸೂಪರ್ ಲೀಗ್ ಬಿಡುವು ಕೊಟ್ಟದ್ದು ಡಿಸೆಂಬರ್ ಕೊನೆಗೆ. ಎರಡು ವಾರಗಳ ಸಿದ್ಧತೆ! ಮೂರೂ ಪಂದ್ಯಗಳಲ್ಲಿ ಸೋತೆವು. ಒಂದು ಗೋಲನ್ನೂ ಹೊಡೆಯಲಿಲ್ಲ.

ಗೋಲು ಹೊಡೆಯಲಾಗದ್ದೇ ನಮ್ಮ ನಿಜವಾದ ಜ್ವರ. ವಿಶ್ವಕಪ್ ಅರ್ಹತಾ ಸುತ್ತಿನ ಆರು ಪಂದ್ಯಗಳಲ್ಲಿ ನಾವು ಹೊಡೆದದ್ದು ಮೂರೇ ಗೋಲು. ಏಕೆ? 2014ರಲ್ಲಿ ಆರಂಭವಾದ ಸೂಪರ್ ಲೀಗ್‌ನ ಮೊದಲ ಹನ್ನೊಂದು ಆವೃತ್ತಿಗಳಲ್ಲಿ ಅತಿ ಹೆಚ್ಚು ಗೋಲು ಹೊಡೆದವನಿಗೆ ಸಲ್ಲುವ ಪ್ರಶಸ್ತಿ ಒಮ್ಮೆಯೂ ಭಾರತೀಯನಿಗೆ ದಕ್ಕಲಿಲ್ಲ. ಮುಂಪಡೆಯ ನಡುವಿನ ಸ್ಥಾನವನ್ನು ಕ್ಲಬ್ಬುಗಳು ಹೊರದೇಶದವರಿಗೆ ಮೀಸಲಿಟ್ಟಿವೆ. ವರ್ಷವಿಡೀ ಬೆಂಚಿನಲ್ಲಿ ಕುಳಿತ ಹುಡುಗನನ್ನು ತಂದು ಹತ್ತು ದಿನಗಳಲ್ಲಿ ಗೋಲು ಹೊಡೆಯುವವನನ್ನಾಗಿ ಮಾಡು ಎಂದರೆ ಯಾವ ಗುರು ಮಾಡಿಯಾನು? ಇದನ್ನು ಸ್ಟಿಮಾಚ್ ಬಾಯಿಬಿಟ್ಟು ಹೇಳುತ್ತಲೇ ಇದ್ದರು. ಕೇಳಬೇಕಾದವರಿಗೆ ಅದು ನೆಪವಾಗಿ ಕಂಡಿತು.

2024ರ ಜೂನ್ 11ರಂದು ದೋಹಾದಲ್ಲಿ ಭಾರತ ಒಂದು ಗೋಲಿನಿಂದ ಮುಂದಿತ್ತು. ಗೆರೆ ದಾಟಿ ಹೊರಹೋಗಿದ್ದ ಚೆಂಡನ್ನು ಒಳಗೆಳೆದು ಕತಾರ್ ಹೊಡೆದ ಗೋಲನ್ನು ರೆಫರಿ ಮಾನ್ಯ ಮಾಡಿದರು. ಕೊನೆಗೆ ನಾವು 1-2ರಿಂದ ಸೋತೆವು. ಆರು ದಿನಗಳ ಬಳಿಕ ಅಖಿಲ ಭಾರತ ಫುಟ್‌ಬಾಲ್ ಒಕ್ಕೂಟ ತರಬೇತುದಾರರನ್ನು ವಜಾ ಮಾಡಿತು. ಅದಕ್ಕೆ ಎಂಟು ತಿಂಗಳ ಹಿಂದೆಯಷ್ಟೇ ಅವರ ಒಪ್ಪಂದವನ್ನು 2026ರವರೆಗೆ ವಿಸ್ತರಿಸಿದ್ದು ಇದೇ ಒಕ್ಕೂಟ! ಕೊನೆಗೆ ಪರಿಹಾರವಾಗಿ ನಾಲ್ಕು ಲಕ್ಷ ಡಾಲರ್ ತೆರಬೇಕಾಯಿತು. ಆ ಹಣದಲ್ಲಿ ಎಷ್ಟು ಶಾಲೆಗಳಿಗೆ ಚೆಂಡು, ಎಷ್ಟು ಬಯಲುಗಳಿಗೆ ಗೋಲುಕಂಬ ಬರುತ್ತಿತ್ತು ಎಂಬ ಲೆಕ್ಕವನ್ನು ನನ್ನ ಶಿಷ್ಯರಿಗೇ ಬಿಡುತ್ತೇನೆ.

ಬರೆ ಹಾಕಿದ ಮೇಲೆ ಜ್ವರ ಇಳಿಯಿತೇ? ಉತ್ತರಾಧಿಕಾರಿಯಾಗಿ ಬಂದ ಸ್ಪೇನಿನ ಮನೊಲೊ ಮಾರ್ಕೆಜ್ ಎಂಟು ಪಂದ್ಯಗಳಲ್ಲಿ ಗೆದ್ದದ್ದು ಒಂದನ್ನು. ಅದಕ್ಕೂ, 2025ರ ಮಾರ್ಚ್‌ನಲ್ಲಿ, ನಿವೃತ್ತರಾಗಿದ್ದ ನಲವತ್ತರ ಸುನಿಲ್ ಛೆಟ್ರಿಯವರನ್ನು ಮನೆಯಿಂದ ಕರೆತರಬೇಕಾಯಿತು. ಅವರೂ ಹೋಗಿ ಆಗಸ್ಟ್‌ನಲ್ಲಿ ಖಾಲಿದ್ ಜಮೀಲ್ ಬಂದರು; ಅಕ್ಟೋಬರ್ 14ರಂದು ಮಡಗಾಂವ್‌ನಲ್ಲಿ ಸಿಂಗಪುರಕ್ಕೆ ಸೋತು 2027ರ ಏಷ್ಯನ್ ಕಪ್‌ನ ಬಾಗಿಲೂ ಮುಚ್ಚಿತು. ಹದಿನಾರು ತಿಂಗಳಲ್ಲಿ ಮೂವರು ಗುರುಗಳು, ಪಾಠ ಮಾತ್ರ ಅದೇ. ಆದರೂ ನಮ್ಮ ಪತ್ರಿಕೆಗಳಲ್ಲಿ ಚರ್ಚೆ ಮುಂದಿನ ತರಬೇತುದಾರ ಯಾರು ಎಂಬುದರ ಸುತ್ತಲೇ!

ಕ್ರೊಯೇಷಿಯಾದ ಜನಸಂಖ್ಯೆ ಇಂದು ನಲವತ್ತು ಲಕ್ಷವನ್ನೂ ಮುಟ್ಟುವುದಿಲ್ಲ, ನಮ್ಮ ಬೆಂಗಳೂರಿನ ಅರ್ಧಕ್ಕಿಂತ ಕಡಿಮೆ. ಅಲ್ಲಿಯ ಸಣ್ಣ ಪಟ್ಟಣ ಮೆಟ್ಕೊವಿಚ್‌ನಲ್ಲಿ ಹುಟ್ಟಿದ ಹುಡುಗ ಇಪ್ಪತ್ತಕ್ಕೆ ವಿಶ್ವ ಯುವ ಚಾಂಪಿಯನ್ ಆದದ್ದು ಯಾವ ಮಾಂತ್ರಿಕ ಗುರುವಿನಿಂದಲೂ ಅಲ್ಲ. ಅಲ್ಲಿ ಹಾಯ್ದುಕ್ ಸ್ಪ್ಲಿಟ್‌ನಂಥ ಕ್ಲಬ್ಬುಗಳು ಮಕ್ಕಳನ್ನು ಎಳವೆಯಲ್ಲಿಯೇ ಎತ್ತಿಕೊಂಡು, ವರ್ಷದಿಂದ ವರ್ಷಕ್ಕೆ ಆಡಿಸಿ ಬೆಳೆಸುತ್ತವೆ. ನಾವಾದರೋ ಬೇರಿಗೆ ನೀರೆರೆಯದೆ ತೋಟದ ಮಾಲಿಯನ್ನು ಬದಲಿಸುತ್ತ ಕುಳಿತಿದ್ದೇವೆ.

ನಿಮ್ಮಲ್ಲಿ ಹಲವರು ಇಂದು ಮುಖ್ಯೋಪಾಧ್ಯಾಯರು, ಶಾಲಾ ಆಡಳಿತ ಮಂಡಳಿಗಳ ಸದಸ್ಯರು; ಬಹುತೇಕರು ತಂದೆತಾಯಂದಿರು. ನಿಮ್ಮ ಶಾಲೆಯ ವೇಳಾಪಟ್ಟಿಯಲ್ಲಿ ಆಟದ ಅವಧಿಯನ್ನು ಗಣಿತ ನುಂಗಿದೆಯೇ? ಆಟದ ಬಯಲಿನಲ್ಲಿ ಹೊಸ ಕಟ್ಟಡ ಎದ್ದಿದೆಯೇ? ಹಾಗಿದ್ದರೆ ಮುಂದಿನ ಸೋಲಿನ ದಿನ ದೂರದರ್ಶನದ ಮುಂದೆ ಕುಳಿತು ತರಬೇತುದಾರನನ್ನು ಬೈಯುವ ಹಕ್ಕು ನಿಮಗಿಲ್ಲ. ಆ ಅವಧಿಯನ್ನು ಮಕ್ಕಳಿಗೆ ಹಿಂದಿರುಗಿಸಿ. ಏಳು ವರ್ಷದ ಮಗುವಿನ ಕಾಲಿಗೆ ಒಂದು ಚೆಂಡು ಸಿಗಲಿ. ಗುರುವಿನ ವಿಚಾರಣೆ ಆಮೇಲೆ.