ಮನೆಯ ಗಣಕಯಂತ್ರಕ್ಕೆ ಮದರ್‌ಬೋರ್ಡೂ ರ‍್ಯಾಮೂ

ಗಣಕಯಂತ್ರವನ್ನು ಸಿದ್ಧವಾಗಿ ಕೊಳ್ಳದೆ, ಬಿಡಿಭಾಗಗಳನ್ನು ತಂದು ಮನೆಯಲ್ಲಿಯೇ ಜೋಡಿಸಿಕೊಳ್ಳುವ ಪದ್ಧತಿಯು ಕಾಲೇಜಿನ ಮಕ್ಕಳಿರುವ ಮನೆಗಳಲ್ಲಿ ಬಳಕೆಗೆ ಬಂದಿದೆ. ನಮ್ಮ ನೌಬಾದದಂತಹ ಊರಿನವರು ಬೀದರದ ಅಂಗಡಿಗಳಲ್ಲಿ ದೊರೆಯದುದನ್ನು ಸಿಕಂದರಾಬಾದಿನ ಚೆನಾಯ್ ಟ್ರೇಡ್ ಸೆಂಟರಿನಿಂದ ತರಬೇಕಾಗುವುದು. ಆ ದಾರಿಯು ಸುಮಾರು 140 ಕಿಲೋಮೀಟರು. ತಂದ ಭಾಗವು ಹೊಂದದೆ ಹೋದರೆ ಮತ್ತೆ ಅಷ್ಟು ದೂರ ಅಲೆಯಬೇಕು. ಮೊಹರು ಒಡೆದ ಪೆಟ್ಟಿಗೆಯನ್ನು ಅಂಗಡಿಯವರು ಹಿಂದಕ್ಕೆ ಪಡೆಯುವರೆಂಬ ಭರವಸೆಯೂ ಇಲ್ಲ. ಆದುದರಿಂದ ಈ ಎರಡು ಭಾಗಗಳ ವಿಷಯದಲ್ಲಿ ಗೃಹಸ್ಥರು ಮುಂಚಿತವಾಗಿ ತಿಳಿಯತಕ್ಕ ಕೆಲವು ಸಂಗತಿಗಳನ್ನು ಬರೆಯುತ್ತೇವೆ.

ಮೊದಲು ಪ್ರೊಸೆಸರು, ಆಮೇಲೆ ಬೋರ್ಡು, ಉಳಿದ ಹಣದಲ್ಲಿ ರ‍್ಯಾಮು, ಇದು ವಾಡಿಕೆಯ ಕ್ರಮ. ಈ ಕ್ರಮವನ್ನು ತಿರುಗಿಸಬೇಕೆಂದು ನಾವು ಹೇಳುತ್ತೇವೆ. ಕೃತಕ ಬುದ್ಧಿಮತ್ತೆಯ ಮಹಾಯಂತ್ರಾಗಾರಗಳಿಗೆ ಬೇಕಾದ ಸ್ಮೃತಿಯನ್ನು ಒದಗಿಸುವುದರಲ್ಲಿ ತಯಾರಕರು ತೊಡಗಿದುದರಿಂದ 2025ರ ಉತ್ತರಾರ್ಧದಲ್ಲಿ ಮನೆಬಳಕೆಯ ರ‍್ಯಾಮಿನ ಬೆಲೆಯು ಬಹಳವಾಗಿ ಏರಿತು. ಹಿಂದೆ ಕೊಸರಿಗೆಂಬಂತಿದ್ದ ವಸ್ತುವೇ ಒಟ್ಟು ಲೆಕ್ಕವನ್ನು ತಲೆಕೆಳಗು ಮಾಡಬಲ್ಲುದು. ಆದುದರಿಂದ ರ‍್ಯಾಮನ್ನು ಮೊದಲು ನಿಶ್ಚಯಿಸಿ, ಅದಕ್ಕೆ ಒಪ್ಪುವ ಬೋರ್ಡನ್ನು ಅನಂತರ ಹುಡುಕುವುದು ಲೇಸು.

ಮೊದಲು ಮನೆಯ ಹಳೆಯ ಯಂತ್ರವನ್ನು ಬಿಚ್ಚಿ ನೋಡಿರಿ. ಅದರೊಳಗೆ ಡಿಡಿಆರ್ 4 ಜಾತಿಯ ಪಟ್ಟಿಗಳಿದ್ದರೆ ಅವನ್ನು ಗುಜರಿಗೆ ಹಾಕಲಾಗದು. ಎಎಂಡಿಯವರ ಎಎಂ 4 ಬೋರ್ಡು ಅವನ್ನು ಸ್ವೀಕರಿಸುವುದು. ಇಂಟೆಲಿನ ಎಲ್‌ಜಿಎ 1700 ಬೋರ್ಡುಗಳಲ್ಲಿ ಡಿಡಿಆರ್ 4ಕ್ಕೆ ಒಪ್ಪುವವು ಕೆಲವು, ಡಿಡಿಆರ್ 5ಕ್ಕೆ ಒಪ್ಪುವವು ಕೆಲವು. ಪೆಟ್ಟಿಗೆಯ ಮೇಲಿನ ಬರಹವನ್ನು ಓದದೆ ಹಣ ಕೊಡಕೂಡದು. ಹಳೆಯದೇನೂ ಇಲ್ಲದವರು 2022ರಲ್ಲಿ ಬಂದ ಎಎಂ 5 ಬೋರ್ಡನ್ನು ಆರಿಸಬಹುದು. ಅದಕ್ಕೆ ಡಿಡಿಆರ್ 5 ಮಾತ್ರ ಸಲ್ಲುವುದು. ಮುಂದೆ ಪ್ರೊಸೆಸರನ್ನಷ್ಟೇ ಬದಲಿಸುವ ಅವಕಾಶವೂ ಉಳಿಯುವುದು.

ಈ ಎರಡು ಜಾತಿಗಳಿಗೂ 288 ಸಂಪರ್ಕಬಿಂದುಗಳೇ ಇವೆ, ಉದ್ದವೂ ಒಂದೇ. ಆದರೆ ಅಂಚಿನ ಕಚ್ಚು ಬೇರೆ ಬೇರೆ ಸ್ಥಾನದಲ್ಲಿದೆ. ಸಂಸ್ಕೃತದಲ್ಲಿ ದ್ವಿವಚನದ ಈಕಾರವು ಎದುರಿಗೆ ಸ್ವರವಿದ್ದರೂ ಸಂಧಿಯಾಗದೆ ನಿಲ್ಲುವಂತೆ, ಇವು ನೋಡಲು ಸಮಾನವಾದರೂ ಒಂದರ ಗೂಡಿನಲ್ಲಿ ಮತ್ತೊಂದು ಕೂರದು. ಬಲವಂತದಿಂದ ಒತ್ತಿದರೆ ಗೂಡೇ ಮುರಿಯುವುದು. ಲ್ಯಾಪ್‌ಟಾಪಿನ ಗಿಡ್ಡ ಪಟ್ಟಿಯೂ ಮೇಜಿನ ಯಂತ್ರದ ಸಾಮಾನ್ಯ ಬೋರ್ಡಿಗೆ ಸಲ್ಲದು.

ಪ್ರಮಾಣದ ಮಾತಿಗೆ ಬಂದರೆ, ಓದುಬರಹಕ್ಕೂ ಮನೆಯ ಲೆಕ್ಕಪತ್ರಕ್ಕೂ 16 ಜಿಬಿ ಸಾಕು. ಎಂಜಿನಿಯರಿಂಗ್ ನಕ್ಷೆಗಳನ್ನು ರಚಿಸುವವರಿಗೆ, ಚಲಚ್ಚಿತ್ರಗಳನ್ನು ಸಂಕಲಿಸುವವರಿಗೆ 32 ಬೇಕಾದೀತು. 16ನ್ನು ಒಂದೇ ಪಟ್ಟಿಯಾಗಿ ಕೊಳ್ಳುವುದಕ್ಕಿಂತ 8ರ ಎರಡು ಪಟ್ಟಿಗಳನ್ನು, ಒಂದೇ ಪೆಟ್ಟಿಗೆಯಲ್ಲಿ ಬರುವ ಜೋಡಿಯಾಗಿ, ಕೊಳ್ಳುವುದು ಉತ್ತಮ. ನಮ್ಮೂರಿನಲ್ಲಿ ಬಹಮನಿಯರ ಕಾಲದ ಕರೇಜ್ ಎಂಬ ನೆಲದೊಳಗಿನ ಕಾಲುವೆಯುಂಟು. ಅಂತಹ ಕಾಲುವೆಗಳ ಮೂಲಬಾವಿಯನ್ನು ತಾಯಿಬಾವಿಯೆನ್ನುವರು. ಬೋರ್ಡಿಗೂ ತಾಯಿಯ ಹೆಸರೇ ಬಂದಿರುವುದು ವಿನೋದವಾಗಿದೆ. ಎರಡು ಪಟ್ಟಿಗಳಿದ್ದರೆ ಪ್ರೊಸೆಸರಿಗೆ ಎರಡು ಕಾಲುವೆಗಳಿಂದ ಒಮ್ಮೆಗೇ ನೀರು ಹರಿದಂತೆ. ಒಂದೇ ಇದ್ದರೆ ಮತ್ತೊಂದು ಕಾಲುವೆ ಬರಿದಾಗಿರುವುದು. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡಿಲ್ಲದ ಯಂತ್ರದಲ್ಲಿ ಈ ವ್ಯತ್ಯಾಸವು ಕಣ್ಣಿಗೇ ಕಾಣಿಸುವುದು. ನಾಲ್ಕು ಗೂಡುಗಳುಳ್ಳ ಬೋರ್ಡಿನಲ್ಲಿ ಜೋಡಿಯನ್ನು ಸಾಮಾನ್ಯವಾಗಿ ಪ್ರೊಸೆಸರಿನಿಂದ ಎರಡನೆಯ ಮತ್ತು ನಾಲ್ಕನೆಯ ಗೂಡುಗಳಲ್ಲಿಡಬೇಕು.

ಬೋರ್ಡಿನ ಮೇಲೆ ಬಣ್ಣಬಣ್ಣದ ದೀಪಗಳು ಮಿನುಗುವುದಕ್ಕಾಗಿ ಹಣ ತೆರುವುದು ನಮಗೆ ಸಮ್ಮತವಿಲ್ಲ. 244 ಮಿಲಿಮೀಟರ್ ಚೌಕದ ಮೈಕ್ರೋ ಎಟಿಎಕ್ಸ್ ಬೋರ್ಡು ಸಾಮಾನ್ಯ ಮನೆಗೆ ಧಾರಾಳವಾಯಿತು. ಅದರ ಬೆನ್ನಿನಲ್ಲಿ ಪರದೆಯ ತಂತಿಗೆ ಕಂಡಿಯಿದ್ದಮಾತ್ರಕ್ಕೆ ಚಿತ್ರ ಬರುವುದೆಂದು ಭಾವಿಸಬಾರದು, ಪ್ರೊಸೆಸರಿನಲ್ಲಿಯೇ ಚಿತ್ರಶಕ್ತಿಯಿರಬೇಕು. ರೈಜನ್ 5 5600ರಲ್ಲಿ ಅದಿಲ್ಲ, 5600ಜಿಯಲ್ಲಿ ಇದೆ. ಒಂದಕ್ಷರದ ಭೇದಕ್ಕೆ ಒಂದು ಕಾರ್ಡಿನ ಬೆಲೆ!

ಹಳೆಯ ದಾಸ್ತಾನಿನ ಬೋರ್ಡಾದರೆ ಅದರ ಬಯೋಸ್ ಹೊಸ ಪ್ರೊಸೆಸರನ್ನು ಗುರುತಿಸದೆ ಹೋಗಬಹುದು. ಅದನ್ನು ಅಂಗಡಿಯಲ್ಲಿಯೇ ನವೀಕರಿಸಿಕೊಂಡು ಬರುವುದು ಕ್ಷೇಮ. ಆ ಕಾರ್ಯದ ನಡುವೆ ವಿದ್ಯುತ್ತು ಹೋದರೆ ಬೋರ್ಡು ನಿಷ್ಪ್ರಯೋಜಕವಾಗಬಹುದು. ಮನೆಯಲ್ಲಿ ಮಾಡುವುದಾದರೆ ಯುಪಿಎಸ್ ಇಲ್ಲದೆ ಕೈಹಾಕಬೇಡಿರಿ. ಎಎಂ 5, ಎಲ್‌ಜಿಎ 1700 ಬೋರ್ಡುಗಳಲ್ಲಿ ಸೂಕ್ಷ್ಮವಾದ ಪಿನ್ನುಗಳು ಬೋರ್ಡಿನ ಮೇಲೆಯೇ ಇರುವುದರಿಂದ, ಹಣ ಕೊಡುವ ಮುನ್ನ ಅಂಗಡಿಯವರ ಎದುರಿಗೇ ಮುಚ್ಚಳ ತೆಗೆಸಿ, ಬಾಗಿರುವುದಿದೆಯೇ ಎಂದು ನೋಡಿಕೊಳ್ಳಿರಿ.

ಕಡೆಗೆ ಒಂದು ಮಾತು. ಡಿಡಿಆರ್ 5 ಹಾಕಿದ ಯಂತ್ರವನ್ನು ಮೊದಲ ಸಲ ಹೊತ್ತಿಸಿದಾಗ ಬೋರ್ಡು ರ‍್ಯಾಮಿನ ವೇಗವನ್ನು ಪರೀಕ್ಷಿಸಿ ಹೊಂದಿಸಿಕೊಳ್ಳುವುದು. ಅಷ್ಟು ಕಾಲ, ಕೆಲವು ವೇಳೆ ಹಲವು ನಿಮಿಷಗಳವರೆಗೆ, ಪರದೆಯು ಕಪ್ಪಾಗಿಯೇ ಇರುವುದು. ಗಾಬರಿಯಿಂದ ಸ್ವಿಚ್ಚನ್ನು ಆರಿಸದೆ, ಒಂದು ಲೋಟ ಚಹಾ ಕುಡಿದು ಬನ್ನಿರಿ.