ಪೀಟರ್ಸ್‌ಬರ್ಗಿನಲ್ಲಿ ಕಿನ್ಶಾಸಾದ ಗಿಟಾರು

ಬಿಲ್ಡ್ ಮುಗಿಯೋವರೆಗೆ ಏನಾದ್ರೂ ಕೇಳೋಣ ಅಂತ ಹೆಡ್‌ಫೋನ್ ಹಾಕ್ಕೊಂಡೆ. ಸಿಕ್ಕಿದ್ದು ಮಾರ್ಕ್‌ಶೈಡರ್ ಕುನ್ಸ್ಟ್ ಅನ್ನೋ ರಷ್ಯನ್ ಬ್ಯಾಂಡು. ಹೆಸರು ಮಾತ್ರ ಜರ್ಮನ್, ಅರ್ಥ ಗಣಿ ಸರ್ವೇ ಮಾಡುವ ವಿದ್ಯೆ! ನಮ್ಮ ಸಿವಿಲ್ ಬ್ರಾಂಚಿನ ಹುಡುಗರು ಬ್ಯಾಂಡ್ ಕಟ್ಟಿ 'ಥಿಯೋಡೊಲೈಟ್' ಅಂತ ಹೆಸರಿಟ್ಟ ಹಾಗೆ :)

1992ರಲ್ಲಿ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಸೆರ್ಗೆಯ್ ಎಫ್ರೆಮೆಂಕೊ ಮತ್ತವನ ಗೆಳೆಯರು ಶುರು ಮಾಡಿದ್ದು. ಕೆಳಗೆ ಸ್ಕಾ ಓಡ್ತಿರುತ್ತೆ, ಅಂದ್ರೆ ಗಿಟಾರು ತಾಳದ ಪೆಟ್ಟಿನ ಮೇಲೆ ಬೀಳದೆ ಎರಡು ಪೆಟ್ಟುಗಳ ನಡುವೆ ಚಕ್ ಚಕ್ ಅನ್ನುತ್ತೆ. ಮೇಲೆ ಕಾಂಗೋದ ಕುಣಿತದ ಹಾಡುಗಳ ಹಾಗೆ ಸಣ್ಣ ದನಿಯ, ನಿಲ್ಲದೆ ಸುತ್ತುವ ಗಿಟಾರು, ಜೊತೆಗೆ ತುತ್ತೂರಿಗಳು. ಕೂತಲ್ಲೇ ಕಾಲು ಕುಣಿಯುತ್ತೆ.

ಪಕ್ಕದ ಸೀಟಿನ ಗೆಳೆಯ ಒಂದು ಹಾಡು ಕೇಳಿ, "ರಷ್ಯಾದವರಿಗೆ ಇದೆಲ್ಲ ಯಾಕೋ? ಒರಿಜಿನಲ್ ಕೇಳು" ಅಂದ. ಯಾವ ಒರಿಜಿನಲ್ಲು ಮಾರಾಯ? ಸ್ಕಾ ಹುಟ್ಟಿದ್ದು 1950ರ ದಶಕದ ಕೊನೆಯಲ್ಲಿ, ಜಮೈಕಾದವರು ಅಮೆರಿಕದ ರಿದಮ್ ಅಂಡ್ ಬ್ಲೂಸನ್ನು ತಮ್ಮ ಮೆಂಟೋ ಜೊತೆ ಬೆರೆಸಿದಾಗ. ಕಾಂಗೋದ ರುಂಬಾ ಬೆಳೆದಿದ್ದು ಅಲ್ಲಿಗೆ ಬಂದ ಕ್ಯೂಬಾದ ರೆಕಾರ್ಡುಗಳಿಂದ. ಕ್ಯೂಬಾಕ್ಕೆ ಆ ಲಯ ಹೋಗಿದ್ದಾದರೂ ಆಫ್ರಿಕಾದಿಂದ ಗುಲಾಮರನ್ನು ತುಂಬಿಕೊಂಡು ಹೋದ ಹಡಗುಗಳಲ್ಲಿ. ಒರಿಜಿನಲ್ ಹುಡುಕ್ತಾ ಹೊರಟ್ರೆ ಒಂದೇ ಸಮುದ್ರವನ್ನ ಎರಡು ಸಲ ದಾಟಬೇಕಾಗುತ್ತೆ.

ಇನ್ನೊಂದು ವಿಷ್ಯ. ಇವರು ಬರೀ ಕ್ಯಾಸೆಟ್ ಕೇಳಿ ಕಲಿತವರಲ್ಲ. ಕಾಂಗೋದ ಸೆರಾಫಿಮ್ ಮಕಾಂಗಿಲಾ ಇವರ ಜೊತೆಗೇ ನಿಂತು ಹಾಡಿದವನು. 1999ರ ಆಲ್ಬಮ್ಮಿನ ಹೆಸರೇ 'ಸೇಂಟ್ ಪೀಟರ್ಸ್‌ಬರ್ಗ್ - ಕಿನ್ಶಾಸಾ ಟ್ರಾನ್ಸಿಟ್'. ಸೋವಿಯೆತ್ ಕಾಲದಲ್ಲಿ ಆಫ್ರಿಕಾದ ಸಾವಿರಾರು ಹುಡುಗರು ಸ್ಕಾಲರ್‌ಶಿಪ್ ಮೇಲೆ ಅಲ್ಲಿಗೆ ಓದಲಿಕ್ಕೆ ಹೋಗ್ತಿದ್ದರು. 1960ರಲ್ಲಿ ಮಾಸ್ಕೋದಲ್ಲಿ ಅದಕ್ಕಂತಲೇ ಒಂದು ಯೂನಿವರ್ಸಿಟಿ ಕಟ್ಟಿ, ಮರುವರ್ಷ ಕಾಂಗೋದ ಲುಮುಂಬಾ ಹೆಸರಿಟ್ಟರು. ಹೀಗೆ ಎರಡೂ ಕಡೆಯವರು ಎದುರುಬದುರು ಸಿಗೋ ದಾರಿ ಇದ್ದಿದ್ದಕ್ಕೇ ಇಂಥ ಬ್ಯಾಂಡು ಸಾಧ್ಯವಾಗಿದ್ದು ಅಂತ ನನ್ನ ಲೆಕ್ಕ.

ಗೆಳೆಯ ಎತ್ತಬೇಕಿದ್ದ ತಕರಾರು ಬೇರೆಯೇ ಇತ್ತು. ಇದೇ ಪೀಟರ್ಸ್‌ಬರ್ಗಿನಲ್ಲಿ 2006ರ ಏಪ್ರಿಲ್‌ನಲ್ಲಿ, ಕ್ಲಬ್ಬಿನಿಂದ ಹೊರಗೆ ಬರ್ತಿದ್ದ ಸೆನೆಗಲ್ ದೇಶದ ವಿದ್ಯಾರ್ಥಿಯೊಬ್ಬನನ್ನು ಗುಂಡಿಟ್ಟು ಕೊಂದರು. ಕಪ್ಪು ಮೈಬಣ್ಣ, ಅಷ್ಟೇ ಕಾರಣ. ಆಫ್ರಿಕಾದ ತಾಳಕ್ಕೆ ಆ ಊರಿನ ಹುಡುಗರು ಕುಣಿಯೋಕೆ ಶುರು ಮಾಡಿ ಆಗಲೇ ಹತ್ತು ವರ್ಷದ ಮೇಲಾಗಿತ್ತು. ಹಾಡು ಇಷ್ಟವಾದ ಮಾತ್ರಕ್ಕೆ ಹಾಡೋನು ಬೀದಿಯಲ್ಲಿ ನಿಶ್ಚಿಂತೆಯಿಂದ ಓಡಾಡಬಹುದು ಅಂತೇನಿಲ್ಲ. ಹಾಗಂತ ಬ್ಯಾಂಡಿನವರನ್ನ ದೂರಲಾ? ಮನಸ್ಸು ಬರಲ್ಲ. ರಾತ್ರಿ ಒಂದೇ ವೇದಿಕೆ ಮೇಲೆ ಹೆಗಲಿಗೆ ಹೆಗಲು ಕೊಟ್ಟು ನಿಂತವರು ಅವರೇ ತಾನೇ.

ಬಿಲ್ಡ್ ಫೇಲಾಗಿದೆ. ಇನ್ನೊಂದು ಹಾಡು ಕೇಳಿ ನೋಡ್ತೀನಿ.